ಫ್ರೀಜರಿನಲ್ಲಿ ಶುಂಠಿಯ ಅಚ್ಚು

“ಅಲ್ಲ ಕಣವ್ವ, ಶುಂಠಿ ಅಂದ್ರೆ ಉಷ್ಣ. ಅದನ್ನ ತಗೊಂಡೋಗಿ ಐಸ್ ಮಾಡಿದ್ರೆ ಇರೋ ಶೀತ ಹೋಗೋದಿರ್ಲಿ, ಇಲ್ದೇ ಇರೋ ಶೀತಾನೂ ಬರುತ್ತೆ.” ಹೋದ ವರ್ಷ ಸಂಕ್ರಾಂತಿ ಮುಗಿದ ಮರುವಾರ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹಸಿಶುಂಠಿ, ಹಸಿ ಅರಿಶಿನ, ನಿಂಬೆ, ಕಿತ್ತಳೆಗಳನ್ನು ಹರಡಿಕೊಂಡು, ಪಕ್ಕದಲ್ಲಿ ಮೂರು ಐಸ್ ಟ್ರೇಗಳನ್ನು ತೊಳೆದು ಕವುಚಿಟ್ಟಿದ್ದನ್ನು ಕಂಡು ನಮ್ಮ ಅತ್ತೆ ಆಡಿದ ಮಾತಿದು. ಮಾಗಿಯ ಚಳಿಯಲ್ಲಿ ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸದೆಯೇ ಮೂರು ಮಕ್ಕಳನ್ನು ಬೆಳೆಸಿದವರು ಅವರು. ಇವುಗಳ ರಸವನ್ನು ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೂ ಅದನ್ನು ಐಸ್ ಆಗಿ ಯಾರೂ ಚೀಪುವುದಿಲ್ಲ, ಒಂದು ತುಂಡನ್ನು ಲೋಟಕ್ಕೆ ಹಾಕಿ ಬಿಸಿನೀರು ಹೊಯ್ದು ಕುಡಿಯುವುದು ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ, ಆದರೆ ಅಲ್ಲಿಂದ ಎದ್ದೂ ಹೋಗಲಿಲ್ಲ. ಮಣೆ ಎಳೆದುಕೊಂಡು ಶುಂಠಿಯ ಸಿಪ್ಪೆ ಹೆರೆಯಲು ಕುಳಿತರು.

ಬೆಂಗಳೂರಿನಲ್ಲಿರುವ ನಾದಿನಿ ಕಳಿಸಿದ ಒಂದು ಫೋಟೋದಿಂದ ಇದೆಲ್ಲ ಶುರುವಾಯಿತು. ಹೆಬ್ಬೆರಳಿನಷ್ಟು ದೊಡ್ಡದಾದ ಬಾಟಲಿಯಲ್ಲಿ ಶುಂಠಿ, ಅರಿಶಿನ, ನಿಂಬೆಯ ರಸ ತುಂಬಿ ‘ವೆಲ್‌ನೆಸ್ ಬೂಸ್ಟರ್’, ಅಂದರೆ ಆರೋಗ್ಯ ಹೆಚ್ಚಿಸುವಂಥದ್ದು, ಎಂದು ಮಾರುತ್ತಾರಂತೆ. ಅದರ ಬೆಲೆ ಕೇಳಿದಾಗ ನನಗೆ ನಮ್ಮ ಬೇಲಿಯಾಚೆಯ ಹೊಲ ನೆನಪಾಯಿತು. ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ನಮ್ಮ ಊರಿನ ಸುತ್ತ ಕಾಫಿ ತೋಟ ಬಿಟ್ಟರೆ ಕಣ್ಣಿಗೆ ಬೀಳುವುದೇ ಶುಂಠಿ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ನಾಟಿ ಮಾಡಿದ ಬೆಳೆ ಡಿಸೆಂಬರ್ ಹೊತ್ತಿಗೆ ಎಲೆ ಹಳದಿಯಾಗಿ ಒರಗುತ್ತದೆ. ಆಮೇಲೆ ಕಿತ್ತು, ಮಣ್ಣು ಕೊಡವಿ, 60 ಕಿಲೋ ಮೂಟೆಯ ಲೆಕ್ಕದಲ್ಲಿ ಮಾರುತ್ತಾರೆ. 2023ರಲ್ಲಿ ಆ ಮೂಟೆಯ ಬೆಲೆ ಎಲ್ಲಿಗೆ ಏರಿತ್ತೆಂದರೆ, ಹೊಲದ ಪಕ್ಕದಲ್ಲೇ ಇದ್ದ ನಾವೂ ಅಂಗಡಿಯಿಂದ ನೂರು ಗ್ರಾಂ ಲೆಕ್ಕದಲ್ಲಿ ತಂದು ಚಹಾಕ್ಕೆ ಹಾಕಿಕೊಂಡೆವು. ಬಳಿಕ ಬೆಲೆ ಕುಸಿದಾಗ, ಮೂಟೆಗೆ ಸೇರದ ಮುರುಕು ಬೆರಳುಗಳನ್ನು ಒಂದು ಬುಟ್ಟಿ ತುಂಬ ತಂದು ಜಗಲಿಯ ಮೇಲೆ ಸುರಿದು ಹೋದವರು ಅದೇ ಹೊಲದವರು. ಜನವರಿಯಲ್ಲಿ ಹೀಗೆ ಬುಟ್ಟಿಗಟ್ಟಲೆ ಬರುವುದು ಆಷಾಢದ ಜಡಿಮಳೆಯಲ್ಲಿ, ಮನೆಯಲ್ಲಿ ಮೂವರು ಒಟ್ಟಿಗೆ ಕೆಮ್ಮುತ್ತಿರುವಾಗ ಇರುವುದಿಲ್ಲ. ಇಟ್ಟರೆ ಬಾಡುತ್ತದೆ, ಮೊಳಕೆಯೊಡೆಯುತ್ತದೆ, ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿ ಬೂಷ್ಟು ಹಿಡಿಯುತ್ತದೆ.

ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ಒಣಗಿಸುವುದು. ಆದರೆ ಒಣಶುಂಠಿಯೂ ಹಸಿಶುಂಠಿಯೂ ಒಂದೇ ಪದಾರ್ಥವಲ್ಲ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ. ಹಸಿಯಲ್ಲಿ ಖಾರ ಕೊಡುವ ಜಿಂಜೆರಾಲ್ ಎಂಬ ವಸ್ತು ಒಣಗುವಾಗ ಸ್ವಲ್ಪಸ್ವಲ್ಪವಾಗಿ ಶೋಗೋಲ್ ಆಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಹೆಚ್ಚು. ಹಸಿಯಲ್ಲಿರುವ ನಿಂಬೆಯಂಥ ಪರಿಮಳ ಮಾತ್ರ ಹಾರಿಹೋಗಿರುತ್ತದೆ. ಆ ಪರಿಮಳವೇ ಬೇಕೆನ್ನುವವರಿಗೆ ಫ್ರೀಜರ್ ಒಳ್ಳೆಯ ಉಪಾಯ. ಕಷಾಯದ ಕೆಲಸದಲ್ಲಿ ಕಷ್ಟವಾದ ಭಾಗ ಕುದಿಸುವುದಲ್ಲ. ಹೆರೆಯುವುದು, ಅರೆಯುವುದು, ಹಿಂಡುವುದು. ಮೈಯಲ್ಲಿ ಶಕ್ತಿಯಿದ್ದ ದಿನ ಅದನ್ನೆಲ್ಲ ಮುಗಿಸಿಟ್ಟುಕೊಂಡರೆ, ಮೈ ಕೈ ನೋಯುವ ದಿನ ನೀರು ಕಾಯಿಸಿಕೊಂಡರೆ ಸಾಕು. ನಾನು ಈ ಅಚ್ಚುಗಳನ್ನು ಮಾಡುವುದು ಮುಖ್ಯವಾಗಿ ಅದಕ್ಕಾಗಿಯೇ. ಬೆಲ್ಲದ ಅಚ್ಚಿನ ಹಾಗೆ ಕಾಣುವುದರಿಂದ ಮನೆಯಲ್ಲಿ ಎಲ್ಲರೂ ಅವನ್ನು ಅಚ್ಚು ಎಂದೇ ಕರೆಯುತ್ತೇವೆ.

ಶುಂಠಿಯಲ್ಲಿ ಹಳೆಯದು, ಹೊಸದು ಎಂಬ ಭೇದವಿದೆ. ಆ ವರ್ಷದ ಬೆಳೆಯ ಹೊಸ ಶುಂಠಿಯ ಸಿಪ್ಪೆ ತೆಳುವಾಗಿ, ಚಮಚದ ಅಂಚಿನಿಂದ ಉಜ್ಜಿದರೇ ಬಿಟ್ಟುಕೊಳ್ಳುತ್ತದೆ; ನಾರು ಕಡಿಮೆ, ರಸ ಹೆಚ್ಚು. ಭೂಮಿಯಲ್ಲೇ ಬಿಟ್ಟು ಮರುವರ್ಷ ಕಿತ್ತ ಹಳೆ ಶುಂಠಿ ಖಾರದಲ್ಲಿ ಮುಂದು, ಆದರೆ ಅದರ ನಾರು ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಂಡು ಮೋಟಾರಿನಿಂದ ವಾಸನೆ ಬರುವಷ್ಟು ಸತಾಯಿಸುತ್ತದೆ. ಹಳೆಯದೇ ಸಿಕ್ಕಿದರೆ ನಾರಿಗೆ ಅಡ್ಡಲಾಗಿ, ರೂಪಾಯಿ ಬಿಲ್ಲೆಯಷ್ಟು ತೆಳ್ಳಗೆ ಹೆಚ್ಚಿಕೊಂಡು ಆಮೇಲೆ ಅರೆಯಬೇಕು. ಉತ್ತರ ಕರ್ನಾಟಕದವರು ಹಸಿಶುಂಠಿಗೆ ಅಲ್ಲ ಎನ್ನುತ್ತಾರೆ, ಧಾರವಾಡದಿಂದ ಬಂದ ನಮ್ಮ ಓರಗಿತ್ತಿ ಹೊಸದರಲ್ಲಿ “ಅಲ್ಲ ಐತೇನ್ರಿ?” ಎಂದು ಕೇಳಿದಾಗ ಅತ್ತೆ ಬಹಳ ಹೊತ್ತು “ಏನು ಅಲ್ಲ?” ಎಂದು ತಿರುಗಿ ಕೇಳುತ್ತಿದ್ದರು.

ನನ್ನ ಅಳತೆ ಹೀಗಿದೆ. ಹೆರೆದು ತೂಗಿದ ಹಸಿಶುಂಠಿ 250 ಗ್ರಾಂ, ಹಸಿ ಅರಿಶಿನ 100 ಗ್ರಾಂ, ರಸ ತುಂಬಿದ ನಿಂಬೆಹಣ್ಣು ಎಂಟು, ಕಿತ್ತಳೆ ನಾಲ್ಕು, ಕುಟ್ಟಿದ ಕಾಳುಮೆಣಸು ಒಂದು ಚಹಾ ಚಮಚ, ಕುದಿಸಿ ಆರಿಸಿದ ನೀರು ಒಂದು ಲೋಟ. ಶುಂಠಿಯನ್ನು ಮಾತ್ರ ನೀರಿನೊಂದಿಗೆ ನುಣ್ಣಗೆ ಅರೆದು, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡುತ್ತೇನೆ. ಹಿಂಡಿದ ರಸವನ್ನು ಹತ್ತು ನಿಮಿಷ ಅಲುಗಾಡಿಸದೆ ಬಿಟ್ಟರೆ ಪಾತ್ರೆಯ ತಳದಲ್ಲಿ ಸುಣ್ಣದ ಹಾಗೆ ಬಿಳಿಯ ಹಿಟ್ಟು ಕೂರುತ್ತದೆ. ಅದು ಶುಂಠಿಯ ಗಂಜಿ. ಮೇಲಿನ ತಿಳಿಯನ್ನು ಮೆಲ್ಲನೆ ಬಗ್ಗಿಸಿಕೊಂಡು ಆ ಹಿಟ್ಟನ್ನು ಬಿಟ್ಟುಬಿಡುವುದು ಲೇಸು. ಸೇರಿಸಿದರೆ ಬಿಸಿನೀರಿನಲ್ಲಿ ಬೆಂದು, ಕೊನೆಯ ಗುಟುಕು ಅಂಬಲಿಯಂತೆ ನಾಲಿಗೆಗೆ ಅಂಟುತ್ತದೆ.

ಮೊದಲ ಸಲ ಕಿತ್ತಳೆಯನ್ನು ನಾನು ಹಿಂಡಿರಲಿಲ್ಲ. ಹೊರಸಿಪ್ಪೆ ತೆಗೆದು, ತೊಳೆಗಳನ್ನು ಬೀಜ ಸಮೇತ ಮಿಕ್ಸಿಗೆ ಹಾಕಿ ಸೋಸಿದ್ದೆ. ಅರೆದ ಕ್ಷಣದಲ್ಲಿ ರುಚಿ ನೋಡಿದರೆ ಸಿಹಿಹುಳಿಯಾಗಿ ಚೆನ್ನಾಗಿಯೇ ಇತ್ತು. ಮಾರನೆಯ ದಿನ ಅಚ್ಚು ಕರಗಿಸಿ ಕುಡಿದರೆ ಹಾಗಲಕಾಯಿಯನ್ನೂ ಮೀರಿಸುವ ಕಹಿ. ತೊಳೆಯ ಪೊರೆ, ಬಿಳಿ ನಾರುಗಳಲ್ಲಿ ತಾನಾಗಿ ಕಹಿಯಲ್ಲದ ಒಂದು ವಸ್ತುವಿದ್ದು, ಹಣ್ಣು ಒಡೆದ ಮೇಲೆ ರಸದ ಹುಳಿಯೊಡನೆ ಬೆರೆತು ಕೆಲವು ಗಂಟೆಗಳಲ್ಲಿ ಲಿಮೊನಿನ್ ಎಂಬ ಕಹಿ ಪದಾರ್ಥವಾಗುತ್ತದೆ. ಬೀಜ ಅರೆದರೆ ಅದರ ಕಹಿಯೂ ಸೇರಿಕೊಳ್ಳುತ್ತದೆ. ಈಗ ಅಡ್ಡಲಾಗಿ ಕತ್ತರಿಸಿ, ಕೈಯಲ್ಲಿ ಹಗುರಾಗಿ ಹಿಂಡಿ, ಕೂಡಲೇ ಉಳಿದದ್ದರೊಂದಿಗೆ ಬೆರೆಸಿ ಟ್ರೇಗೆ ಹಾಕುತ್ತೇನೆ. ಹಿಂದೆ ಕಾಫಿ ಗಿಡಗಳ ನಡುವೆ ಕೊಡಗಿನ ಕಿತ್ತಳೆ ಮರಗಳು ಸಾಲುಸಾಲಾಗಿದ್ದವಂತೆ. ಗ್ರೀನಿಂಗ್ ರೋಗ ಬಂದು ಎಲ್ಲ ಹೋಗಿ, ನಮ್ಮ ತೋಟದಲ್ಲಿ ಉಳಿದಿರುವುದು ಎರಡೇ ಮರ. ಕಿತ್ತಳೆ ಸಾಲದೆ ಹೋದ ಒಂದು ಸಲ ಅತ್ತೆಯೇ ಹಿತ್ತಲಿನ ಹೇರಳೆಕಾಯಿಯನ್ನು ಕೊಯ್ದು ತಂದರು. ಅದರ ರಸದಲ್ಲಿ ಸಿಹಿ ಇಲ್ಲ, ಆದರೆ ಘಮ ಎಷ್ಟೆಂದರೆ ನನ್ನ ಮಟ್ಟಿಗೆ ಕಿತ್ತಳೆಗಿಂತ ಅದೇ ವಾಸಿ.

ಅರಿಶಿನದ ವಿಚಾರ ಬೇರೆ. ಅದನ್ನು ನಿಂಬೆರಸದೊಂದಿಗೆ ಗಂಧದಷ್ಟು ನುಣ್ಣಗೆ ಅರೆದು, ಸೋಸದೆ, ಹಾಗೆಯೇ ಬೆರೆಸಬೇಕು. ಅದರ ಹಳದಿಯಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಸೋಸಿದರೆ ಬೇಕಾದದ್ದು ಬಟ್ಟೆಯಲ್ಲಿ ಉಳಿಯುತ್ತದೆ, ಬಣ್ಣದ ನೀರು ಟ್ರೇ ಸೇರುತ್ತದೆ. ಹಾಗೆ ಸೋಸಿದ ಒಂದು ಸಲ ಆ ಬಟ್ಟೆಯನ್ನು ನಾನು ಬಚ್ಚಲಿಗೆ ಒಯ್ದು ಸೋಪು ಹಚ್ಚಿದಾಗ ಇಡೀ ತುಂಡು ಕೆಂಪಗಾಗಿ, ಕೈ ಕೊಯ್ದುಕೊಂಡೆನೇನೋ ಎಂದು ಮಗ ಓಡಿ ಬಂದ. ಆರತಿ ತಟ್ಟೆಯ ಓಕುಳಿಯೂ ಇದೇ ತಾನೆ: ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪು, ನಿಂಬೆ ಹಿಂಡಿದರೆ ಮತ್ತೆ ಹಳದಿ. ಕಲೆ ಹೋಗಬೇಕಾದರೆ ಉಜ್ಜಿ ಪ್ರಯೋಜನವಿಲ್ಲ. ಬಿಸಿಲಿಗೆ ಹರವಿದರೆ ಎರಡು ಮೂರು ದಿನದಲ್ಲಿ ತಾನೇ ಮಾಸುತ್ತದೆ. ಪ್ಲಾಸ್ಟಿಕ್ ಟ್ರೇಗೆ ಹಿಡಿದ ಬಣ್ಣ ಮಾತ್ರ ಹಾಗೆಯೇ ಉಳಿದಿದೆ, ಆದ್ದರಿಂದ ಈ ಕೆಲಸಕ್ಕೆ ಟ್ರೇಗಳನ್ನು ಬೇರೆಯಾಗಿಯೇ ಇಟ್ಟಿದ್ದೇನೆ.

ಎಲ್ಲವನ್ನೂ ಕಲಸಿ ಟ್ರೇಯ ಗುಳಿಗಳಿಗೆ ಹೊಯ್ಯುವಾಗ ಸೌಟಿನಿಂದ ಆಗಾಗ ತಿರುವುತ್ತಿರಬೇಕು, ಇಲ್ಲವಾದರೆ ಮೆಣಸು, ಅರಿಶಿನಗಳೆಲ್ಲ ಕೊನೆಯ ಟ್ರೇಗೇ ಹೋಗುತ್ತವೆ. ನೀರು ಹೆಪ್ಪುಗಟ್ಟುವಾಗ ಉಬ್ಬುವುದರಿಂದ ಗುಳಿಯನ್ನು ಅಂಚಿನವರೆಗೆ ತುಂಬಬಾರದು. ಈ ಅಳತೆಗೆ ನನಗೆ ಮೂವತ್ತಾರು ಅಚ್ಚು ಸಿಗುತ್ತವೆ. ರಾತ್ರಿ ಕಳೆದು ತೆಗೆದರೆ ಪ್ರತಿಯೊಂದರ ಅಂಚು ತೆಳುಹಳದಿಯಾಗಿದ್ದು, ನಡುವೆ ಮೊಟ್ಟೆಯ ಭಂಡಾರದಂತೆ ಗಾಢ ಬಣ್ಣ ಕೂಡಿಕೊಂಡಿರುತ್ತದೆ. ಹೊರಗಿನ ನೀರು ಮೊದಲು ಗಟ್ಟಿಯಾಗುತ್ತ ಸಾರವನ್ನೆಲ್ಲ ಒಳಕ್ಕೆ ತಳ್ಳುವುದರಿಂದ ಹೀಗಾಗುತ್ತದೆ. ಬಿಡಿಸಿ ಮುಚ್ಚಳದ ಡಬ್ಬಕ್ಕೆ ಹಾಕಿಡದಿದ್ದರೆ ಪಕ್ಕದಲ್ಲಿಟ್ಟ ಮೀನಿನ ವಾಸನೆ ಹತ್ತುತ್ತದೆ. ಆರು ತಿಂಗಳಾದರೂ ಕೆಡುವುದಿಲ್ಲ. ಆದರೆ ನಾಲ್ಕನೆಯ ತಿಂಗಳಿನಿಂದಾಚೆಗೆ ನಿಂಬೆಯ ಪರಿಮಳ ಮಂಕಾಗುವುದನ್ನು ನಾನು ಗಮನಿಸಿದ್ದೇನೆ.

ಕುಡಿಯುವ ಕ್ರಮಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದು ಅಚ್ಚಿಗೆ ಮುಕ್ಕಾಲು ಲೋಟ ಬಿಸಿನೀರು, ಕುಡಿಯುವಷ್ಟು ಆರಿದ ಮೇಲೆ ಜೇನು ಅಥವಾ ಜೋನಿಬೆಲ್ಲ. ಹಾಲಿಗೆ ಮಾತ್ರ ಹಾಕಬಾರದು. ಮಗನ ಹಾಲಿಗೆ ನಾನು ಹಾಕಿ ನೋಡಿದಾಗ ಕಣ್ಣೆದುರೇ ಒಡೆಯಿತು. ನಿಂಬೆಯ ಹುಳಿಯೊಂದೇ ಅದಕ್ಕೆ ಸಾಕು, ಆದರೆ ಹಸಿಶುಂಠಿಯಲ್ಲೂ ಹಾಲನ್ನು ಒಡೆಯುವ ಕಿಣ್ವವಿದೆ; ಶುಂಠಿ ಚಹಾ ಮಾಡುವವರು ಶುಂಠಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಹಾಲು ಹೊಯ್ಯುವುದು ಅದಕ್ಕೇ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ನಮ್ಮ ಮಾವನವರು ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ತೆಗೆದುಕೊಳ್ಳುವುದರಿಂದ, ವೈದ್ಯರನ್ನು ಕೇಳಿದ ಮೇಲೆ ಅವರಿಗೆ ಇದನ್ನು ಕೊಡುವುದನ್ನು ನಿಲ್ಲಿಸಿದೆವು. ಎದೆಯುರಿ ಇರುವವರಿಗೂ ಬರಿಹೊಟ್ಟೆಯಲ್ಲಿ ಇದು ಹಿತವಲ್ಲ.

ಇನ್ನು ಆ ‘ಬೂಸ್ಟರ್’ ಎಂಬ ಹೆಸರಿನ ಬಗ್ಗೆ ನನಗೆ ತಕರಾರಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಸಾರವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಸುಮಾರು 20 ಪಟ್ಟು ಏರಿತ್ತು. ಅರಿಶಿನಕ್ಕೆ ಮೆಣಸು ಸೇರಿಸಿ ಎಂದು ಈಗ ಎಲ್ಲರೂ ಹೇಳುವುದರ ಹಿಂದೆ ಇರುವುದು ಅದೇ. ಆದರೆ ನನ್ನ ಒಂದು ಅಚ್ಚಿನಲ್ಲಿ ಇರುವುದು ಮೂರು ಗ್ರಾಂಗಿಂತ ಕಡಿಮೆ ಹಸಿ ಅರಿಶಿನ. ಒಣಗಿದರೆ ಅದು ಅರ್ಧ ಗ್ರಾಂ ಆದೀತು, ಅದರಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟೆಂದು ಹಿಡಿದರೆ ಬರುವುದು ಸುಮಾರು 15 ಮಿಲಿಗ್ರಾಂ. ಎರಡು ಗ್ರಾಂ ಎಲ್ಲಿ, ಇದೆಲ್ಲಿ! ಸಿ ಜೀವಸತ್ವದ ಕಥೆಯೂ ಇದೇ ರೀತಿ: ಒಂದು ಇಡೀ ಟ್ರೇಯಲ್ಲಿ ಇರುವುದಕ್ಕಿಂತ ಹಿತ್ತಲಿನ ಒಂದು ಸೀಬೆಹಣ್ಣಿನಲ್ಲಿ ಹೆಚ್ಚಿದೆ. ಆ ಜೀವಸತ್ವವನ್ನು ದಿನವೂ ಮಾತ್ರೆಯಾಗಿ ತೆಗೆದುಕೊಂಡವರಿಗೂ ನೆಗಡಿ ಬರುವುದು ತಪ್ಪಲಿಲ್ಲವೆಂದೂ, ದೊಡ್ಡವರಲ್ಲಿ ಅದರ ಅವಧಿ ನೂರಕ್ಕೆ ಎಂಟರಷ್ಟು, ಮಕ್ಕಳಲ್ಲಿ ಹದಿನಾಲ್ಕರಷ್ಟು ಕುಗ್ಗಿತೆಂದೂ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಹೀಗಿರುವಾಗ ನನ್ನ ಅಚ್ಚು ರೋಗವನ್ನು ಓಡಿಸುತ್ತದೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೆರೆಯುವ ಗಂಟಲಿಗೆ ಅದು ಹಿತ, ಕಟ್ಟಿದ ಮೂಗಿಗೆ ಅದರ ಹಬೆ ಹಿತ.

ಅತ್ತೆ ಇಂದಿಗೂ ಅದನ್ನು ಕುಡಿದವರಲ್ಲ; ತಮ್ಮ ಕೊತ್ತಂಬರಿ, ಜೀರಿಗೆ ಕಷಾಯವನ್ನೇ ಕುದಿಸಿಕೊಳ್ಳುತ್ತಾರೆ. ಆದರೆ ಹೋದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ತಂಬುಳಿ ಎಂದಿಗಿಂತ ಹಳದಿಯಾಗಿ ಕಂಡಿತು. ಕೇಳಿದರೆ, ಎರಡು ಅಚ್ಚು ಕರಗಿಸಿ ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದ್ದರಂತೆ. ಅಂದಿನಿಂದ ಡಬ್ಬದಲ್ಲಿರುವ ಅಚ್ಚುಗಳ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಹೋದ ಆಷಾಢದಲ್ಲಿ ಸಿಲ್ವರ್ ಮರ ಉರುಳಿ ತಂತಿ ತುಂಡಾಗಿ ಮೂರು ದಿನ ಕರೆಂಟಿಲ್ಲದೆ, ಇದ್ದ ಅಚ್ಚುಗಳೆಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿ ಒಂದೇ ಗಡ್ಡೆಯಾಗಿದ್ದವು. ಫ್ರೀಜರಿನ ಚಳಿ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸಿಡುತ್ತದೆ ಅಷ್ಟೆ. ಆದ್ದರಿಂದ ಅದನ್ನೆಲ್ಲ ಬಾಳೆಯ ಬುಡಕ್ಕೆ ಸುರಿದೆ. ಆಮೇಲೆ ಸ್ಟೀಲ್ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನೊಳಗೆ ಬಿಟ್ಟಿದ್ದೇನೆ. ನಾಣ್ಯ ಮೇಲೆಯೇ ಇದ್ದರೆ ಒಳಗಿನದು ಪೂರ್ತಿ ಕರಗಿಲ್ಲ. ತಳ ಸೇರಿದ್ದರೆ ನಾವಿಲ್ಲದಾಗ ಎಲ್ಲ ಕರಗಿತ್ತೆಂದು ಅರ್ಥ.

ನಿನ್ನೆ ಸಂಜೆ ಹೋದ ಕರೆಂಟು ನಾನು ಇದನ್ನು ಬರೆಯುತ್ತಿರುವಾಗಲೂ ಬಂದಿಲ್ಲ. ಬಾಗಿಲು ತೆಗೆಯದೆ ಇದ್ದರೆ ಅರ್ಧ ತುಂಬಿದ ಫ್ರೀಜರ್ ಒಂದು ದಿನ, ಪೂರ್ತಿ ತುಂಬಿದ್ದು ಎರಡು ದಿನ ತಡೆಯುತ್ತದೆನ್ನುತ್ತಾರೆ. ಖಾಲಿ ಜಾಗಕ್ಕೆಲ್ಲ ಮೊದಲೇ ನೀರಿನ ಬಾಟಲಿ ಜೋಡಿಸಿಟ್ಟು, ಈಗ ಬಾಗಿಲಿಗೆ ಕಂಬಳಿ ಹೊದಿಸಿದ್ದೇವೆ. ಅತ್ತೆ ಬೆಳಗಿನಿಂದ ಎರಡು ಸಲ ಬಂದು, “ಕಾಸು ಮುಳುಗಿಲ್ಲ ತಾನೆ?” ಎಂದು ಕೇಳಿದರು. ತೆಗೆದು ನೋಡಿದರೆ ಇರುವ ತಂಪೂ ಹೋಗುತ್ತದೆ ಅತ್ತೆ ಎಂದೆ. ಸ್ವಲ್ಪ ಹೊತ್ತು ಅಲ್ಲೇ ನಿಂತು, “ಹನ್ನೊಂದು ಅವೆ ಅದ್ರಲ್ಲಿ” ಎಂದು ಹೇಳಿ, ಕಂಬಳಿಯ ಅಂಚನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿ ಹೋದರು.