ಡಿ-ಟೆಸ್ಟ್ ಬಿಡಬಾರ್ದು ಯಾಕೆ, ನಮ್ ಲ್ಯಾಬಿನ ಪ್ಲೇಟಿಗೂ ಅಡಾ ಯೋನತ್ ಅವರ ಕೆಲಸಕ್ಕೂ ಏನ್ ಸಂಬಂಧ

ದಾವಣಗೆರೆಲಿ ಕಲ್ಚರ್ ಲ್ಯಾಬಲ್ಲಿ ಕೆಲಸ ಮಾಡೋರಿಗೆ ಕೀವಿನ ಸ್ಯಾಂಪಲ್ ಹೊಸದೇನಲ್ಲ, ಮೆಕ್ಕೆಜೋಳದ ಕಟಾವು ಶುರುವಾದ್ರೆ ಜಗಳೂರು, ಚನ್ನಗಿರಿ ಕಡೆಯಿಂದ ಕೈಕಾಲು ಗಾಯ ಕೀವಾಗಿ ಬರೋರು ಜಾಸ್ತಿ, ಬೆಳೆಸಿ ನೋಡಿದ್ರೆ ಬಹಳ ಸಲ ಸ್ಟ್ಯಾಫ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾನೇ. ಮರುದಿನ ಅದನ್ನ ಬೆಳೆಸಿದ ಪ್ಲೇಟ್ ನೋಡಿದ್ರೆ ಎರಡು ಆಂಟಿಬಯಾಟಿಕ್ಕಲ್ಲಿ ಎರಿತ್ರೋಮೈಸಿನ್ ರೆಸಿಸ್ಟೆಂಟು (ಅದಕ್ಕೆ ಜಗ್ಗಲ್ಲ), ಕ್ಲಿಂಡಾಮೈಸಿನ್ ಸೆನ್ಸಿಟಿವ್ (ಅದಕ್ಕೆ ಬಗ್ಗುತ್ತೆ) ಅಂತ ಕಾಣ್ಸುತ್ತೆ. ಟ್ರೇನಿಂಗಿಗೆ ಬಂದ ಹುಡುಗ್ರು "ಮೇಡಂ, ಹಂಗೇ ಎಂಟ್ರಿ ಮಾಡ್ಲಾ?" ಅಂತ ಕೇಳ್ತಾರೆ. ತಡಿಯಪ್ಪಾ, ಮೊದ್ಲು ಡಿ-ಟೆಸ್ಟ್ ನೋಡು ಅಂತೀನಿ.

ಎರಡೂ ಔಷಧಿಯ ಡಿಸ್ಕನ್ನ (ಔಷಧಿ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ) 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಇಡೋದು, ಕ್ಲಿಂಡಾಮೈಸಿನ್ ಝೋನು, ಅಂದ್ರೆ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ, ಎರಿತ್ರೋಮೈಸಿನ್ ಕಡೆ ಚಪ್ಪಟೆಯಾಗಿ ಡಿ ಅಕ್ಷರದಂಗೆ ಕಂಡ್ರೆ ಕ್ಲಿಂಡಾಮೈಸಿನ್ನೂ ರೆಸಿಸ್ಟೆಂಟ್ ಅಂತಲೇ ರಿಪೋರ್ಟ್ ಹೋಗ್ಬೇಕು. ಇದನ್ನ ಬರೀ ರೂಲ್ ಅಂತ ಬಾಯಿಪಾಠ ಮಾಡಿಸಿದ್ರೆ ಸ್ಯಾಂಪಲ್ ಜಾಸ್ತಿ ಇದ್ದ ದಿನ ಬಿಟ್ಬಿಡ್ತಾರೆ. ಕಾರಣ ತಿಳಿದೋರು ಬಿಡಲ್ಲ.

ಕಾರಣ ಇರೋದು ರೈಬೋಸೋಮಲ್ಲಿ. ಪ್ರೋಟೀನ್ ಕಟ್ಟೋ ಈ ಯಂತ್ರ ಎಷ್ಟು ದೊಡ್ಡದು, ಎಷ್ಟು ಸೂಕ್ಷ್ಮ ಅಂದ್ರೆ, ಇಸ್ರೇಲಿನ ಅಡಾ ಯೋನತ್ 1980ರ ಸುಮಾರಿಗೆ ಇದರ ಹರಳು ಬೆಳೆಸೋಕೆ ಹೊರಟಾಗ ಆಗದ ಕೆಲಸ ಅಂದೋರೇ ಹೆಚ್ಚು. ಎಕ್ಸ್-ರೇ ಬಿದ್ರೆ ಹರಳೇ ಹಾಳಾಗ್ತಿತ್ತು, ಅದಕ್ಕೆ ವಿಪರೀತ ತಂಪಲ್ಲಿ ಇಟ್ಟು ನೋಡೋ ವಿಧಾನ ರೂಢಿಗೆ ತಂದ್ರು. ಸ್ಪಷ್ಟ ಚಿತ್ರ ಸಿಗೋಕೆ 2000ನೇ ಇಸವಿ ಬರ್ಬೇಕಾಯ್ತು. 2009ರ ರಸಾಯನಶಾಸ್ತ್ರದ ನೊಬೆಲ್ ಇವರಿಗೂ, ಥಾಮಸ್ ಸ್ಟೈಟ್ಸ್ ಅವರಿಗೂ, ಚಿದಂಬರದಲ್ಲಿ ಹುಟ್ಟಿದ ನಮ್ಮ ವೆಂಕಟರಾಮನ್ ರಾಮಕೃಷ್ಣನ್ ಅವರಿಗೂ ಸೇರಿ ಬಂತು. ಅಮೈನೋ ಆಮ್ಲಗಳನ್ನ ಬೆಸೆಯೋದು ರೈಬೋಸೋಮಿನ ಆರ್‌ಎನ್‌ಎ, ಅದರ ಪ್ರೋಟೀನುಗಳಲ್ಲ ಅಂತ ಕಣ್ಣಾರೆ ತೋರಿಸಿದ್ದು ಸ್ಟೈಟ್ಸ್ ತಂಡದ ಚಿತ್ರ, ಅಲ್ಲಿಂದ ಪಠ್ಯಪುಸ್ತಕಗಳೇ ಬದಲಾದ್ವು.

ನಮ್ಮ ಟೇಬಲ್ಲಿಗೆ ನೇರ ಬರೋದು ಯೋನತ್ ತಂಡ 2001ರಲ್ಲಿ ನೇಚರ್ ಪತ್ರಿಕೇಲಿ ಬರೆದಿದ್ದು. ಎರಿತ್ರೋಮೈಸಿನ್, ಕ್ಲಿಂಡಾಮೈಸಿನ್ ಎರಡೂ ಬ್ಯಾಕ್ಟೀರಿಯಾ ರೈಬೋಸೋಮಿನ ದೊಡ್ಡ ತುಂಡಲ್ಲಿ ಎಲ್ಲಿ ಕೂರ್ತವೆ ಅಂತ ಅದರಲ್ಲಿ ತೋರಿಸಿದ್ರು. ಹೊಸ ಪ್ರೋಟೀನ್ ಎಳೆ ಹೊರಗೆ ಬರೋಕೆ ಒಂದು ಸುರಂಗ ಇದೆ, ಬೋರ್‌ವೆಲ್ ಪೈಪಲ್ಲಿ ಕಲ್ಲು ಸಿಕ್ಕಂಗೆ ಎರಿತ್ರೋಮೈಸಿನ್ ಅದರ ಬಾಯಿ ಹತ್ರ ಕೂರುತ್ತೆ, ಕ್ಲಿಂಡಾಮೈಸಿನ್ ಅಲ್ಲೇ ಪಕ್ಕ, ಜಾಗ ಒಂದಕ್ಕೊಂದು ತಾಗುತ್ತೆ. ಎರಡೂ ಹಿಡ್ಕೊಳ್ಳೋದು ಅಲ್ಲಿರೋ ಆರ್‌ಎನ್‌ಎ ಸರಪಳೀಲಿ 2058ನೇ ಸ್ಥಾನದ ಎ (ಅಡಿನೀನ್) ಅಕ್ಷರಾನ. ನಮ್ಮ ಜೀವಕೋಶದ ಮುಖ್ಯ ರೈಬೋಸೋಮಲ್ಲಿ ಅಲ್ಲಿ ಜಿ ಇದೆ, ಅಲ್ಲಿ ಎರಿತ್ರೋಮೈಸಿನ್ ಸರಿಯಾಗಿ ಕೂರಲ್ಲ.

ಈಗ ಪ್ಲೇಟ್ ನೋಡಿ. ಎರ್ಮ್ ಅನ್ನೋ ಜೀನ್ ಇರೋ ಸ್ಟ್ಯಾಫು ಆ ಎ ಮೇಲೆ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ತುಣುಕು ಅಂಟಿಸುತ್ತೆ, ಎರಡೂ ಔಷಧಿಗೆ ಜಾಗ ಹೋಯ್ತು. ಆದ್ರೆ ಕೆಲವು ತಳೀಲಿ ಆ ಜೀನ್ ಸುಮ್ನೆ ಮಲಗಿರುತ್ತೆ, ಎರಿತ್ರೋಮೈಸಿನ್ ತಾಗಿದಾಗ ಮಾತ್ರ ಏಳುತ್ತೆ, ಅದಕ್ಕೇ ಝೋನು ಆ ಕಡೆ ಮಾತ್ರ ಚಪ್ಪಟೆ. ಡಿಸ್ಕನ್ನ ದೂರ ಇಟ್ರೆ ಇದು ಕಾಣಲ್ಲ, ಸೆನ್ಸಿಟಿವ್ ಅಂತ ಬರೆದು ಕಳಿಸಿದ್ರೆ ಚಿಕಿತ್ಸೆ ನಡೀತಿರೋವಾಗ್ಲೇ ಜೀನ್ ಸದಾ ಎಚ್ಚರ ಇರೋ ತಳಿ ಮೇಲೆದ್ದು ಗಾಯ ವಾಸಿಯಾಗದೇ ಹೋಗ್ಬಹುದು.

ಈ ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕಲ್ಲಿ ಎಲ್ರಿಗೂ ಉಚಿತ, ಹುಡುಗ್ರಿಗೆ ಮೊಬೈಲಲ್ಲೇ ತಿರುಗಿಸಿ ತೋರಿಸ್ತೀನಿ. ಇನ್ನೊಂದು ಮಾತೂ ಹೇಳ್ತೀನಿ, ಕೆಲವು ಸ್ಟ್ಯಾಫು ರೈಬೋಸೋಮಿಗೆ ಮೀಥೈಲ್ ಅಂಟಿಸದೇನೇ ಎರಿತ್ರೋಮೈಸಿನ್‌ನಿಂದ ತಪ್ಪಿಸ್ಕೊಳ್ಳುತ್ತೆ, ಆಗ ಝೋನು ದುಂಡಗೇ ಇರುತ್ತೆ, ಕ್ಲಿಂಡಾಮೈಸಿನ್ ಸೆನ್ಸಿಟಿವ್ ಅಂತ ಧೈರ್ಯವಾಗಿ ಬರೀಬಹುದು, ಡಾಕ್ಟ್ರಿಗೆ ಕೊಡೋಕೆ ಒಂದು ಒಳ್ಳೇ ಔಷಧಿ ಉಳಿಯುತ್ತೆ.