ಮಸ್ಟಾಂಗಿನ ದಾಯಾದಿ ಮತ್ತು ನಾನು ಬರೆದ ಒಂದು ತಪ್ಪು ಸಾಲು

ಡೆಟ್ರಾಯಿಟ್ ಪಕ್ಕದಲ್ಲಿ ನನ್ನ ಕೆಲಸ. ದೂರದ ಊರಿನವರು ಹಳೇ ಕಾರು ಕೊಳ್ಳುವ ಮೊದಲು, ಅವರ ಪರವಾಗಿ ಹೋಗಿ ನೋಡಿ ರಿಪೋರ್ಟ್ ಬರೆದು ಕಳಿಸುತ್ತೇನೆ. ನಮ್ಮ ಕಡೆ ಸಂಬಂಧ ಬೆಳೆಸುವ ಮೊದಲು ಹುಡುಗನ ಮನೆ ವಿಚಾರಿಸಿಕೊಂಡು ಬರುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಕೆಲವು ವರ್ಷದ ಹಿಂದೆ ಟೆಕ್ಸಾಸ್‌ನಿಂದ ತುಮಕೂರಿನ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, 1967ರ ಮಸ್ಟಾಂಗ್ ಫಾಸ್ಟ್‌ಬ್ಯಾಕೇ ಬೇಕು" ಅಂದ. ಹಿಂದಕ್ಕೆ ಜಾರುಬಂಡೆಯ ಹಾಗೆ ಇಳಿಯುತ್ತದಲ್ಲ ಛಾವಣಿ, ಅದು. ಅವನು ಹೇಳಿದ ದುಡ್ಡಿಗೆ ಸಿಗುವುದು ಪುಟ್ಟಿ ಮೆತ್ತಿ ಬಣ್ಣ ಹೊಡೆದ ತುಕ್ಕು ಅಷ್ಟೇ. "ಹಂಗಾದ್ರೆ ಕೂಗರ್ ನೋಡಪ್ಪ" ಅಂದೆ. ಅವನು ಹೆಸರೇ ಕೇಳಿರಲಿಲ್ಲ.

ಮಸ್ಟಾಂಗಿನ ಹಾಗೆ ಮರ್ಕ್ಯುರಿ ಕೂಗರ್ ಕೂಡ ಫೋರ್ಡ್ ಕಂಪನಿಯದೇ. 1967ರ ಮಾಡೆಲ್ ಆಗಿ ಬಂತು. ಅಡಿಯಲ್ಲಿ ಇರುವುದು ಮಸ್ಟಾಂಗೇ. ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ, ಮಾತ್ರ 108 ಇಂಚಿನಿಂದ 111ಕ್ಕೆ ಹಿಗ್ಗಿದೆ. ಆ ವರ್ಷ ಮಸ್ಟಾಂಗಿನಲ್ಲಿ ಆರು ಸಿಲಿಂಡರ್ ಎಂಜಿನ್ನೂ ಸಿಗುತ್ತಿತ್ತು. ಕೂಗರಿನಲ್ಲಿ ಶುರುವೇ 289 ಘನ ಇಂಚಿನ ವಿ8, ಅಂದರೆ ಎಂಟು ಸಿಲಿಂಡರ್. ಹೆಡ್‌ಲೈಟಿಗೆ ಮುಚ್ಚಳ, ಹಿಂದಿನ ಇಂಡಿಕೇಟರ್ ಒಂದಾದ ಮೇಲೆ ಒಂದು ಹೊತ್ತಿಕೊಂಡು ಓಡುತ್ತದೆ. ಇಷ್ಟಿದ್ದೂ ಫಾಸ್ಟ್‌ಬ್ಯಾಕ್‌ಗೆ ಕೇಳುವುದರಲ್ಲಿ ಅರ್ಧ ಬೆಲೆ ಕೇಳುತ್ತಿದ್ದರು.

ಮರ್ಕ್ಯುರಿ ಬ್ರಾಂಡ್ ಮುಚ್ಚಿಹೋಗಿದೆ, ಅದಕ್ಕೇ ಅಗ್ಗ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಾಂಟಿಯಾಕೂ ಇಲ್ಲ, ಪ್ಲಿಮತ್ತೂ ಇಲ್ಲ. ಹೋಗಿ ಪಾಂಟಿಯಾಕಿನ ಜಿಟಿಒ, ಪ್ಲಿಮತ್ತಿನ ಹೆಮಿ ಕುಡಾ ಬೆಲೆ ಕೇಳಿ ನೋಡಿ! ಜನ ಕೊಳ್ಳುವುದು ಚಿಕ್ಕಂದಿನಲ್ಲಿ ಗೋಡೆಗೆ ಅಂಟಿಸಿಕೊಂಡಿದ್ದ ಪೋಸ್ಟರನ್ನು. ಪೋಸ್ಟರಿನಲ್ಲಿ ಇಲ್ಲದ ಕಾರು ಅಗ್ಗ, ಅಷ್ಟೇ. ಶೆವ್ರೊಲೆಯ ಶೆವೆಲ್ ಎಸ್‌ಎಸ್ ಕೈಗೆ ಸಿಗದಿದ್ದರೆ ಅದರ ದಾಯಾದಿಗಳಾದ ಓಲ್ಡ್ಸ್‌ಮೊಬೀಲ್ ಕಟ್ಲಸ್, ಬ್ಯೂಕ್ ಸ್ಕೈಲಾರ್ಕ್ ಇವೆ. ಜಿಟಿಒ ಬದಲು ಪಾಂಟಿಯಾಕಿನದೇ ಲೆ ಮ್ಯಾನ್ಸ್. ಆದರೆ ಲೆ ಮ್ಯಾನ್ಸನ್ನೇ ಜಿಟಿಒ ಅಂತ ಮಾರುವವರೂ ಇದ್ದಾರೆ. 1968ರ ಕಾರಾದರೆ ವಿಐಎನ್, ಅಂದರೆ ಪ್ರತಿ ಕಾರಿಗೂ ಕಂಪನಿ ಕೊಡುವ ಗುರುತಿನ ನಂಬರ್, ನೋಡಿ. 242 ಅಂತ ಶುರುವಾದರೆ ಜಿಟಿಒ, 237 ಅಂದರೆ ಲೆ ಮ್ಯಾನ್ಸ್. ಇನ್ನೊಂದು ವಿಷಯ. ಶೆವ್ರೊಲೆ 350 ಎಂಜಿನ್ ಬೇರೆ, ಓಲ್ಡ್ಸ್ 350 ಬೇರೆ, ಬ್ಯೂಕ್ 350 ಬೇರೆ. ನಂಬರ್ ಒಂದೇ ಅಂತ ಒಂದರ ಸಾಮಾನು ತಂದು ಇನ್ನೊಂದಕ್ಕೆ ಕೂರಿಸಲು ಹೋಗಬೇಡಿ.

ಕೂಗರಿಗೆ ಬರೋಣ. ಲ್ಯಾನ್ಸಿಂಗ್ ಆಚೆ ಒಬ್ಬ ಯಜಮಾನರ ಗ್ಯಾರೇಜಿನಲ್ಲಿ ಒಂದು ಇತ್ತು. ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಇಲ್ಲಿ ಎಂಜಿನ್‌ಗಿಂತ ಮೊದಲು ತಗಡು ನೋಡಬೇಕು. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿದು ಸುತ್ತ ಬಂದೆ. ಹಿಂದಿನ ಚಕ್ರದ ಮೇಲೆ ಅಂಗೈಯಗಲ ಜಾಗದಲ್ಲಿ ಅದು ಅಂಟಲಿಲ್ಲ. ಪುಟ್ಟಿ. ಆಮೇಲೆ ವೈಪರ್ ಹತ್ತಿರದ ಗಾಳಿ ಜಾಲರಿಯೊಳಗೆ ಒಂದು ಬಾಟಲಿ ನೀರು ಸುರಿದೆ. ಮಸ್ಟಾಂಗ್ ಮತ್ತು ಕೂಗರ್ ಎರಡಕ್ಕೂ ಅಲ್ಲೇ ರೋಗ, ಒಳಗೆ ತುಕ್ಕು ತಿಂದಿದ್ದರೆ ನೀರು ನೇರ ಕಾಲ ಬಳಿಗೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಕಾರ್ಪೆಟ್ ಕೆಳಗೆ ಕೈ ಹಾಕಿದೆ. ಒಣಗಿತ್ತು.

ಆ ಖುಷಿಯಲ್ಲೇ ರಿಪೋರ್ಟಿನಲ್ಲಿ ಬರೆದೆ: "ಬಿಡಿಭಾಗಗಳು ಎಲ್ಲಾ ಮಸ್ಟಾಂಗಿನವೇ, ಸುಲಭವಾಗಿ ಸಿಗುತ್ತವೆ."

ಬ್ರೇಕು, ಎಂಜಿನ್ನು, ಸಸ್ಪೆನ್ಷನ್ ಮಟ್ಟಿಗೆ ನಿಜ. ಆದರೆ ಆ ಕಾರಿನ ಎಡಗಡೆ ಗ್ರಿಲ್ ಮುರಿದಿತ್ತು, ಕ್ರೋಮ್ ಪೂರ್ತಿ ಗುಳಿ ಬಿದ್ದಿತ್ತು. ಫೋಟೋ ತೆಗೆದಿದ್ದೆ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೂಗರಿನ ಮುಖ ಮಸ್ಟಾಂಗಿನದಲ್ಲ, ಹಿಂಭಾಗದ ದೀಪವೂ ಅಲ್ಲ. 1967ರಲ್ಲಿ ಮಸ್ಟಾಂಗ್ ನಾಲ್ಕೂ ಮುಕ್ಕಾಲು ಲಕ್ಷದ ಹತ್ತಿರ ಮಾರಾಟವಾದರೆ ಕೂಗರ್ ಸುಮಾರು ಒಂದೂವರೆ ಲಕ್ಷ. ಗುಜರಿಯಲ್ಲಿ ಸಿಗುವುದೂ ಅದೇ ಲೆಕ್ಕದಲ್ಲಿ, ಅಲ್ವಾ? ಚೆನ್ನಾಗಿರುವ ಗ್ರಿಲ್ ಸಿಗಲು ಹುಡುಗನಿಗೆ ಏಳು ತಿಂಗಳು ಬೇಕಾಯಿತು. ಅದಕ್ಕೆ ಕೊಟ್ಟ ದುಡ್ಡು ಬ್ರೇಕ್ ಕೆಲಸಕ್ಕಿಂತ ಜಾಸ್ತಿ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ರಿಪೋರ್ಟಿಗೆ ತೆಗೆದುಕೊಂಡಿದ್ದ ಫೀಸ್ ವಾಪಸ್ ಕಳಿಸಿದೆ.

ಈಗ ಬಾನೆಟ್ ತೆಗೆಯುವ ಮೊದಲು ಹೊಳೆಯುವ ವಸ್ತುಗಳನ್ನೆಲ್ಲ ಒಂದೊಂದಾಗಿ ಬರೆದುಕೊಳ್ಳುತ್ತೇನೆ. ಗ್ರಿಲ್, ದೀಪದ ಗಾಜು, ಬಂಪರ್, ಲಾಂಛನ. ಎದುರಿಗೆ ಎರಡು ಕಾಲಂ: ದಾಯಾದಿಯಿಂದ ಸಿಗುತ್ತದಾ, ಸ್ವಂತದ್ದೇ ಬೇಕಾ? ಎರಡನೇ ಕಾಲಂ ಉದ್ದವಾದಷ್ಟೂ ಕೇಳಿದ ಬೆಲೆಯಲ್ಲಿ ಇಳಿಸಿ ಅಂತ ಹೇಳುತ್ತೇನೆ.

ಹೋದ ತಿಂಗಳು ಅವನು ವಿಡಿಯೊ ಕಳಿಸಿದ್ದ. "ಅಣ್ಣಾ, ಇಂಡಿಕೇಟರ್ ಓಡ್ತಿಲ್ಲ, ಮೂರೂ ಒಟ್ಟಿಗೇ ಹೊತ್ತಿಕೊಂಡು ನಿಂತಿವೆ." ಡಿಕ್ಕಿಯೊಳಗೆ ಒಂದು ಪುಟ್ಟ ಮೋಟರ್ ಇರುತ್ತೆ, ಅದನ್ನು ಬಿಚ್ಚಿ ನೋಡು ಅಂದೆ. "ಅದೂ ಮಸ್ಟಾಂಗಿಂದೇನಾ ಅಣ್ಣಾ?" ಅಂದ, ನಗುತ್ತಾ.