ಕೊಲ್ಲದಿದ್ದರೂ ಎಕ್ಸ್‌ಪಿ

ದಾಳ ಹಾಕುತ್ತಾ ಪಾತ್ರಗಳಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮದಲ್ಲಿ ಹೊಸಬರ ತಲೆ ಕೆಡಿಸುವ ಲೆಕ್ಕ ಒಂದಿದೆ. ಎದುರಿಗೆ ನಾಲ್ಕು ಗಾಬ್ಲಿನ್ (ಪುಟ್ಟ ದುಷ್ಟ ಜೀವಿಗಳು), ಒಂದಕ್ಕೆ 50 ಎಕ್ಸ್‌ಪಿ (ಲೆವೆಲ್ ಏರಲು ಬೇಕಾದ ಅನುಭವದ ಅಂಕ), ಒಟ್ಟು 200. ಆದರೆ ಕಾಳಗ ಎಷ್ಟು ಕಷ್ಟ ಅಂತ ಅಳೆಯುವಾಗ ಅದನ್ನು ದುಪ್ಪಟ್ಟು ಮಾಡಿ 400 ಅಂತ ಹಿಡಿಯಬೇಕು. ಗುಂಪಾಗಿ ಮೇಲೆ ಬಿದ್ದರೆ ಅಪಾಯ ಜಾಸ್ತಿ, ಅಲ್ವಾ? ಆ 400 ಡಿಎಂ, ಅಂದರೆ ಆಟ ನಡೆಸುವವರ ಲೆಕ್ಕಕ್ಕೆ ಮಾತ್ರ. ಆಟಗಾರರಿಗೆ ಸಿಗುವುದು 200 ಅಷ್ಟೇ. ನಾಲ್ವರಿದ್ದರೆ ತಲೆಗೆ 50. ಎರಡನೇ ಲೆವೆಲ್‌ಗೆ 300 ಬೇಕು, ಮುಖ ಸಪ್ಪಗಾಗದೆ ಇನ್ನೇನು!

ನಿನ್ನೆ ನಾನು ಡಿಎಂ, ಎದುರಿಗೆ ಇಂಥದ್ದೇ ನಾಲ್ಕು ಗಾಬ್ಲಿನ್; ನಮ್ಮ ರೋಗ್ (ನುಸುಳುವುದರಲ್ಲಿ ಪಳಗಿದ ಪಾತ್ರ) ಕತ್ತಿ ಮುಟ್ಟಲೇ ಇಲ್ಲ. ಸ್ಟೆಲ್ತ್‌ಗೆ, ಅಂದರೆ ಕಣ್ತಪ್ಪಿಸಿ ಸಾಗುವ ಸ್ಕಿಲ್‌ಗೆ, ದಾಳ ಹಾಕಿದಳು, 17 ಬಂತು. ಗಾಬ್ಲಿನ್‌ಗಳ ಪ್ಯಾಸಿವ್ ಪರ್ಸೆಪ್ಶನ್ (ದಾಳ ಹಾಕದೆಯೇ ಗಮನಿಸುವ ಶಕ್ತಿ) ಬರೀ 9. ಸದ್ದಿಲ್ಲದೆ ನುಸುಳಿ ಕೀಲಿಕೈ ಎತ್ತಿಕೊಂಡು ಬಂದಳು. 'ಕೊಲ್ಲಲಿಲ್ಲ ಅಂತ ಎಕ್ಸ್‌ಪಿ ಇಲ್ವಾ?' ಅಂದಳು. ಕೊಟ್ಟೆ, ಪೂರ್ತಿ 200, ಎಲ್ಲರಿಗೂ ಹಂಚಿ. ಕಾಳಗವಿಲ್ಲದ ಸವಾಲಿಗೆ ಕೊಡುವುದು ಬಿಡುವುದು ಡಿಎಂಗೆ ಸೇರಿದ್ದು ಅಂತ ನಿಯಮವೇ ಹೇಳುತ್ತದೆ. ಬರೀ ಕೊಂದಿದ್ದಕ್ಕೇ ಕೊಟ್ಟರೆ ಎಲ್ಲರೂ ಕತ್ತಿಯನ್ನೇ ಹಿಡಿಯುತ್ತಾರೆ, ಸ್ಕಿಲ್‌ಗಳು ಸುಮ್ನೆ ಹಾಳೆ ಮೇಲೆ ಕೂತಿರುತ್ತವೆ.

ಅಂದ ಹಾಗೆ, ಹೀಗೆ ಸ್ಕಿಲ್‌ಗೆ ದಾಳ ಹಾಕುವ ಸ್ಕಿಲ್ ಚೆಕ್‌ನಲ್ಲಿ, 20 ಮುಖದ ದಾಳದಲ್ಲಿ 20 ಬಿದ್ದ ತಕ್ಷಣ ಗೆದ್ದಂತಲ್ಲ. ಆ ನಿಯಮ ದಾಳಿಯ ದಾಳಕ್ಕೆ ಮಾತ್ರ. ಈ ಜಗಳ ನಮ್ಮ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ.